ಚಕ್ಕುಲಿ ಒಳಗೆ, ರಾಗಿ ಸರಿ ಹೊರಗೆ: ಮಲ್ಟಿಪ್ಲೆಕ್ಸ್ ಬಾಗಿಲಿನ ಒಂದು ಪ್ರಕರಣ

ಬೆಂಗಳೂರಿನ ಒಂದು ಮಾಲ್, ಮೂರನೇ ಮಹಡಿ, ಶನಿವಾರ ಸಂಜೆ 6.45ರ ಆಟ. ಬಂದವರು ಐದು ಮಂದಿ: ಇನ್ಸುಲಿನ್ ತೆಗೆದುಕೊಳ್ಳುವ 68ರ ಅಜ್ಜಿ, ಮಗ, ಸೊಸೆ, 8 ವರ್ಷದ ಮೊಮ್ಮಗಳು, 11 ತಿಂಗಳ ಕೂಸು. ಕೂಸಿಗೆ ಟಿಕೆಟ್ ಇಲ್ಲ. ಉಳಿದ ನಾಲ್ಕಕ್ಕೆ ತಲಾ 300 ರೂಪಾಯಿ. ಇದು ಯಾವುದೋ ಒಂದು ಮನೆಯಲ್ಲಿ ನಡೆದದ್ದಲ್ಲ. ವಾರಾಂತ್ಯದಲ್ಲಿ ಎಲ್ಲ ಬಾಗಿಲುಗಳಲ್ಲೂ ಬಿಡಿಬಿಡಿಯಾಗಿ ಕಾಣುವುದನ್ನು, ವಿಚಾರ ಮಾಡಲು ಅನುಕೂಲವಾಗಲಿ ಎಂದು, ಒಂದೇ ಕುಟುಂಬದ ಮೇಲೆ ಹೇರಿದ್ದು. ಕಾನೂನು ಮತ್ತು ತೀರ್ಪುಗಳ ಭಾಗ ಮಾತ್ರ ಇದ್ದದ್ದು ಇದ್ದಹಾಗೆ.

ಅವರ ಬಳಿ ಇದ್ದದ್ದು ಎರಡು ಚೀಲ. ಸೊಸೆಯ ಹೆಗಲಿನ ದೊಡ್ಡ ಚೀಲದ ಮೇಲ್ಭಾಗದಲ್ಲಿ ಒಂದು ಲೀಟರಿನ ಸ್ಟೀಲ್ ನೀರಿನ ಬಾಟಲಿ, ಫ್ಲಾಸ್ಕಿನಲ್ಲಿ ರಾಗಿ ಸರಿ, ಅಜ್ಜಿಯ ಗ್ಲೂಕೋಸ್ ಪುಡಿ ಮತ್ತು ಮಾರಿ ಬಿಸ್ಕತ್ತು ಇದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರ ಕೆಳಗೆ ಡೈಪರುಗಳು. ಡೈಪರಿನ ಕೆಳಗೆ ಅರ್ಧ ಕಿಲೋ ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿ. ಅಜ್ಜಿಯ ಕೈಚೀಲದಲ್ಲಿ ಶಾಲು, ಶಾಲಿನೊಳಗೆ ಬೇಕರಿಯ ಕಾಗದದಲ್ಲಿ ಸುತ್ತಿದ ನಾಲ್ಕು ವೆಜ್ ಪಫ್ಸ್.

ಜೋಡಿಸಿಟ್ಟ ಕ್ರಮ ನೋಡಿ. ಮುಚ್ಚಿಡಬೇಕಾಗಿಲ್ಲದ್ದು ಮೇಲೆ, ಮುಚ್ಚಿಡಬೇಕೆನಿಸಿದ್ದು ಕೆಳಗೆ. ಚೀಲ ಕಟ್ಟುವ ಹೊತ್ತಿಗೇ ಮನಸ್ಸಿಗೆ ಯಾವುದು ಸರಿ ಯಾವುದು ತಪ್ಪು ಎಂಬುದು ಗೊತ್ತಿತ್ತು ಎಂದಾಯಿತು.

ಬಾಗಿಲಲ್ಲಿ ಮಹಿಳಾ ಸೆಕ್ಯುರಿಟಿ ಚೀಲ ತೆರೆಸಿದಳು.

"ಮೇಡಂ, ಹೊರಗಿನ ಫುಡ್ ಅಲೋ ಇಲ್ಲ. ವಾಟರ್ ಬಾಟಲ್ಲೂ ಇಲ್ಲ."

"ಅದು ಮಗೂದು ಕಣಮ್ಮ."

"ಗೊತ್ತು ಮೇಡಂ, ಆದ್ರೂ ಕೌಂಟರಲ್ಲಿ ಇಡಿ. ಟೋಕನ್ ಕೊಡ್ತೀವಿ."

ಹಿಂದೆ ಇಪ್ಪತ್ತು ಜನರ ಸಾಲು. ಬಾಟಲಿ, ಫ್ಲಾಸ್ಕು, ಬಿಸ್ಕತ್ತಿನ ಡಬ್ಬಿ ಮೂರೂ ಕೌಂಟರಿಗೆ ಹೋದವು. ಆಮೇಲೆ ಅವಳ ಕೈ ಡೈಪರಿನ ಹತ್ತಿರ ಬಂತು. ಸ್ಟೀಲ್ ಡಬ್ಬಿ ಕಟ್ ಎಂದಿತು. "ಏನಿದು?" ಅಜ್ಜಿ ತಡವರಿಸದೆ ಹೇಳಿದರು: "ಪಾಪೂದು ಔಷಧಿ ಡಬ್ಬಿ ತಾಯಿ." ಮೊಮ್ಮಗಳು ಬಾಯಿ ತೆರೆದಳು. ಅವಳ ಅಮ್ಮ ಭುಜ ಒತ್ತಿದ ಮೇಲೆ ಮುಚ್ಚಿದಳು. ಸೆಕ್ಯುರಿಟಿ ಹುಡುಗಿ ಒಂದು ಕ್ಷಣ ಅಜ್ಜಿಯ ಮುಖ ನೋಡಿ ಜಿಪ್ ಎಳೆದಳು.

ಹೀಗೆ, ಒಳಗೆ ಬಿಡಬೇಕಾಗಿದ್ದ ಮಗುವಿನ ಊಟ ಹೊರಗೆ ಉಳಿಯಿತು. ತಡೆಯುವ ಹಕ್ಕು ಇದ್ದ ಚಕ್ಕುಲಿ ಒಳಗೆ ಹೋಯಿತು. ಈ ಪ್ರಕರಣದ ತಿರುಳೇ ಇದು. ಥಿಯೇಟರಿಗೆ ತಿಂಡಿ ಕದ್ದು ಒಯ್ಯುವುದು ಸರಿಯೋ ತಪ್ಪೋ ಎಂಬ ವಾದವೆಲ್ಲ ಸಾಮಾನ್ಯವಾಗಿ ಪಾಪ್‌ಕಾರ್ನ್ ಬೆಲೆಯ ಸುತ್ತ ಗಿರಕಿ ಹೊಡೆಯುತ್ತದೆ. ಬೆಲೆ ಇಲ್ಲಿ ಎರಡನೆಯ ಮಾತು.

ತೀರ್ಪು ಹೇಳಿದ್ದು, ಬಾಗಿಲಿಗೆ ತಲುಪಿದ್ದು

2018ರ ಜುಲೈ 18ರಂದು ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್, ಪ್ರೇಕ್ಷಕರು ತಮ್ಮ ತಿಂಡಿ ನೀರು ತರುವುದನ್ನು ಥಿಯೇಟರುಗಳು ತಡೆಯಬಾರದು ಎಂದಿತ್ತು. ಅಲ್ಲಿನ 1975ರ ಸಿನಿಮಾ ನಿಯಮಗಳಲ್ಲಿ ಅಂಥ ನಿಷೇಧ ಇಲ್ಲ ಎಂಬುದು ಒಂದು ಆಧಾರ. ಥಿಯೇಟರಿನವರು ಸುಪ್ರೀಂ ಕೋರ್ಟಿಗೆ ಹೋದರು. 2023ರ ಜನವರಿ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಅವರ ಪೀಠ ಆ ಆದೇಶವನ್ನು ರದ್ದು ಮಾಡಿತು. ಥಿಯೇಟರ್ ಖಾಸಗಿ ಸ್ವತ್ತು. ಸಾರ್ವಜನಿಕ ಹಿತಕ್ಕೆ, ಸುರಕ್ಷತೆಗೆ ಧಕ್ಕೆಯಾಗದಂತೆ ಒಳಬರುವ ಷರತ್ತು ಹಾಕುವುದು ಮಾಲೀಕರ ಹಕ್ಕು. ನಿಯಮದಲ್ಲಿ ನಿಷೇಧ ಇಲ್ಲವೆಂದರೆ ಬಿಡಲೇಬೇಕು ಎಂದು ಅರ್ಥವಲ್ಲ. ಜಿಲೇಬಿ ತಿಂದ ಅಂಟು ಕೈಯನ್ನು ಸೀಟಿಗೆ ಒರೆಸಿದರೆ ತೊಳೆಯುವ ಖರ್ಚು ಯಾರದು ಎಂದು ವಿಚಾರಣೆಯಲ್ಲಿ ಕೇಳಿದ ಪ್ರಶ್ನೆ ಪತ್ರಿಕೆಗಳಲ್ಲೆಲ್ಲ ಬಂತು.

ಜಿಲೇಬಿ ಮನೆಮಾತಾಯಿತು, ಅದೇ ಆದೇಶದ ಇನ್ನೆರಡು ಮಾತು ಹಿಂದೆ ಸರಿದವು. ಥಿಯೇಟರುಗಳು ಕುಡಿಯುವ ಶುದ್ಧ ನೀರನ್ನು ಪುಕ್ಕಟೆ ಕೊಡುತ್ತವೆ ಎಂದು ವಿಚಾರಣೆಯಲ್ಲಿ ಹೇಳಿದ್ದನ್ನು ಕೋರ್ಟ್ ದಾಖಲಿಸಿತು. ಶಿಶು ಅಥವಾ ಮಗುವಿನ ಜೊತೆ ಬಂದ ಹೆತ್ತವರು ಅದಕ್ಕೆ ಬೇಕಾದಷ್ಟು ಆಹಾರ ತಂದರೆ ಅಡ್ಡಿ ಮಾಡುವುದಿಲ್ಲ ಎಂಬುದನ್ನೂ ದಾಖಲಿಸಿತು. ನೀರಿನ ವಿಷಯದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2015ರಲ್ಲೇ, ಅಗರ್ತಲದ ಒಂದು ಮಲ್ಟಿಪ್ಲೆಕ್ಸ್ ಪ್ರಕರಣದಲ್ಲಿ, ಪುಕ್ಕಟೆ ನೀರಿನ ವ್ಯವಸ್ಥೆ ಇಲ್ಲದೆ ಹೊರಗಿನ ನೀರು ತಡೆಯುವುದು ಸೇವಾಲೋಪ ಎಂದಿತ್ತು.

ಹಾಗಾದರೆ ನಮ್ಮ ಸೆಕ್ಯುರಿಟಿ ಹುಡುಗಿ ರಾಗಿ ಸರಿ ಏಕೆ ತಡೆದಳು? ಅವಳಿಗೆ ಹೇಳಿದ್ದು ಮೂರೇ ಪದ: ಹೊರಗಿನ ಫುಡ್ ಇಲ್ಲ. ವಿನಾಯಿತಿಯ ಸಾಲು ಮ್ಯಾನೇಜರ್ ಹಂತದಲ್ಲೇ ನಿಂತುಬಿಡುತ್ತದೆ. ಏಜೆನ್ಸಿಯಿಂದ ಬಂದವಳು, ಇವತ್ತು ಥಿಯೇಟರ್ ಬಾಗಿಲು, ನಾಳೆ ಪಾರ್ಕಿಂಗ್. ಬಿಟ್ಟು ತಪ್ಪು ಮಾಡಿದರೆ ಬೈಗುಳ, ತಡೆದು ತಪ್ಪು ಮಾಡಿದರೆ ಏನೂ ಇಲ್ಲ. ಅಂಥವರು ಯಾವಾಗಲೂ ತಡೆಯುವ ಕಡೆಗೇ ತಪ್ಪುತ್ತಾರೆ. ದೋಷ ಅವಳದಲ್ಲ, ಕಾಗದದ ಮೇಲಿನ ವಿನಾಯಿತಿಯನ್ನು ಬಾಗಿಲಿಗೆ ಇಳಿಸದ ಆಡಳಿತದ್ದು. ಟೇಬಲ್ಲಿನ ಮೇಲೆ "ಮಗುವಿನ ಆಹಾರ ಬಿಡಲಾಗುವುದು, ಕುಡಿಯುವ ನೀರು ಇಂಥ ಕಡೆ" ಎಂದು ಎರಡು ಸಾಲು ಅಂಟಿಸಲು ಎಷ್ಟು ಖರ್ಚು?

ಇನ್ನೊಂದು ತೊಡಕು, ಹೆಚ್ಚಿನವರು ಗಮನಿಸುವುದೇ ಇಲ್ಲ. ಚೀಲ ತೆರೆಸುವುದಕ್ಕೆ ನಾವು ಒಪ್ಪುವುದು ಚಾಕು, ಬೆಂಕಿಪೊಟ್ಟಣ, ಸ್ಫೋಟಕದ ಭಯಕ್ಕೆ. ಆ ಒಪ್ಪಿಗೆಯನ್ನು ಬಿಸ್ಕತ್ತು ಹುಡುಕಲು ಬಳಸಿದಾಗ ಎರಡೂ ಕೆಲಸ ಹಾಳು. ಅಜ್ಜಿಯ ಸ್ಟೀಲ್ ಡಬ್ಬಿ ಕಟ್ ಎಂದಾಗ ನಿಜವಾದ ಸುರಕ್ಷತಾ ತಪಾಸಣೆ ಅದನ್ನು ತೆರೆಸಬೇಕಿತ್ತು. ತಿಂಡಿ ಹುಡುಕುವ ಕಣ್ಣಿಗೆ ಅದು ಔಷಧಿ ಎಂದರೆ ಮುಗಿಯಿತು.

ದುಡ್ಡಿನ ಲೆಕ್ಕ

"ಅವರು ಲೂಟಿ ಹೊಡೀತಾರೆ, ನಾವು ಚಕ್ಕುಲಿ ತಂದ್ರೆ ತಪ್ಪೇ?" ಎಂಬುದು ಮಗನ ವಾದ. ಲೆಕ್ಕ ಬಿಡಿಸಿ ನೋಡೋಣ.

300 ರೂಪಾಯಿ ಟಿಕೆಟ್ಟಿನಲ್ಲಿ 18% ಜಿಎಸ್‌ಟಿ ಕಳೆದರೆ ಸುಮಾರು 254 ಉಳಿಯುತ್ತದೆ. ಹಿಂದಿ ಚಿತ್ರಗಳಿಗೆ 2009ರ ಮುಷ್ಕರದ ನಂತರ ನಿರ್ಮಾಪಕರು ಮತ್ತು ಮಲ್ಟಿಪ್ಲೆಕ್ಸಿನವರು ಒಪ್ಪಿದ ಹಂಚಿಕೆ ಮೊದಲ ವಾರ 50%, ಎರಡನೆಯ ವಾರ 42.5%, ಮೂರನೆಯದು 37.5%, ಆಮೇಲೆ 30% ಚಿತ್ರದವರಿಗೆ. ಆ ಮೊದಲ ವಾರದ ಲೆಕ್ಕವನ್ನೇ ಹಿಡಿದರೆ ಒಂದು ಸೀಟಿನಿಂದ ಥಿಯೇಟರಿಗೆ ಉಳಿಯುವುದು 127 ರೂಪಾಯಿ. ಅದರಲ್ಲಿ ಮಾಲ್ ಬಾಡಿಗೆ, ಎಸಿ, ಪ್ರೊಜೆಕ್ಟರ್, ಸಂಬಳ. ಪಾಪ್‌ಕಾರ್ನಿನಲ್ಲಿ ಮಾತ್ರ ನಿರ್ಮಾಪಕರಿಗೆ ಪಾಲಿಲ್ಲ. ಒಳ್ಳೆಯ ಪಾಪ್‌ಕಾರ್ನ್ ಜೋಳ ಒಂದು ಗ್ರಾಂಗೆ ಹೆಚ್ಚುಕಡಿಮೆ 40 ಮಿಲಿಲೀಟರ್ ಅರಳುತ್ತದೆ. ನಾಲ್ಕು ಲೀಟರಿನ ದೊಡ್ಡ ಬಕೆಟ್ಟಿಗೆ 100 ಗ್ರಾಂ ಕಾಳು ಸಾಕು. ಅಂಗಡಿಯಲ್ಲಿ ಚಿಲ್ಲರೆಗೆ ಕೊಂಡರೂ ಇಪ್ಪತ್ತು ರೂಪಾಯಿ ಆಸುಪಾಸು. ಎಣ್ಣೆ, ಉಪ್ಪು, ಬಕೆಟ್ಟು, ಆಳು ಸೇರಿಸಿದರೂ ಲಾಭ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಹೊರಗಿನ ತಿಂಡಿ ಕಂಡರೆ ಥಿಯೇಟರು ಬೆಚ್ಚುವುದಕ್ಕೆ ಕಾರಣವೂ ಅದೇ. ಗಾಂಧಿನಗರದ ಹಳೆಯ ಒಂಟಿ ಪರದೆಗಳಲ್ಲಿ ಲೆಕ್ಕ ಬೇರೆ ಇತ್ತು: ಸಿನಿಮಾದಿಂದ ವಾರದ ಬಾಡಿಗೆ, ಕ್ಯಾಂಟೀನು ಗುತ್ತಿಗೆಗೆ. ಕಡಲೆಕಾಯಿ ಸಿಪ್ಪೆ ಕಂಡರೆ ಮಾಲೀಕರಿಗಿಂತ ಮೊದಲು ಮುಖ ಸಿಂಡರಿಸುತ್ತಿದ್ದವನು ಕಸ ಗುಡಿಸುವವನು.

ಈಗ ಚಕ್ಕುಲಿಯಿಂದ ಆದ ನಷ್ಟ ಎಷ್ಟು? ಅಜ್ಜಿ ಹೇಗಿದ್ದರೂ ಮುನ್ನೂರು ರೂಪಾಯಿಯ ಪಾಪ್‌ಕಾರ್ನ್ ಕೊಳ್ಳುವವರಲ್ಲ. ಏನೂ ಕೊಳ್ಳದೆ, ಏನೂ ತಿನ್ನದೆ ಕೂತು ಎದ್ದುಹೋಗುವ ಪ್ರೇಕ್ಷಕನಿಗೂ ಚಕ್ಕುಲಿ ತಿಂದ ಅಜ್ಜಿಗೂ ಗಲ್ಲಾಪೆಟ್ಟಿಗೆಯ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಅವನನ್ನು ಯಾರೂ ಕಳ್ಳ ಎನ್ನುವುದಿಲ್ಲ. ಆದ್ದರಿಂದ "ಥಿಯೇಟರಿಗೆ ಮೋಸ, ಅದರ ಆದಾಯ ಕದ್ದ ಹಾಗೆ" ಎನ್ನುವ ವಾದ ನಮಗೆ ಒಪ್ಪಿಗೆಯಾಗುವುದಿಲ್ಲ. ಅದೇ ರೀತಿ ಮಗನ ವಾದವೂ ನಿಲ್ಲುವುದಿಲ್ಲ. ಬೆಲೆ ಎಷ್ಟೇ ಅನ್ಯಾಯ ಎನಿಸಿದರೂ ಕೊಳ್ಳಲು ಯಾರೂ ಬಲವಂತ ಮಾಡಿಲ್ಲ. ಹೊಟ್ಟೆ ತುಂಬಿಸಿಕೊಂಡು ಬರಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಒಂದನ್ನು ಕೊಂಡರೆ ಮಾತ್ರ ಇನ್ನೊಂದು ಕೊಡುತ್ತೇನೆ ಎನ್ನುವುದು ನಿರ್ಬಂಧಿತ ವ್ಯಾಪಾರ ಪದ್ಧತಿ. ಪಾಪ್‌ಕಾರ್ನ್ ಕೊಂಡರೆ ಮಾತ್ರ ಟಿಕೆಟ್ ಎಂದು ಯಾರೂ ಹೇಳಿಲ್ಲ.

ಬೆಲೆಯ ಬಗ್ಗೆ ಸಿಟ್ಟಿದ್ದರೆ ಅದಕ್ಕೆ ಬೇರೆ ಜಾಗವಿದೆ. ಸೀಲ್ ಮಾಡಿದ ಬಾಟಲಿಯ ಮೇಲಿನ ಎಂಆರ್‌ಪಿ ನೋಡಿ. ಒಂದೇ ವಸ್ತುವಿಗೆ ಮಾಲ್‌ಗೊಂದು, ಅಂಗಡಿಗೊಂದು ಎಂಆರ್‌ಪಿ ಮುದ್ರಿಸುವುದಕ್ಕೆ 2018ರ ಜನವರಿ 1ರಿಂದ ತಡೆಯಿದೆ. ಬಿಡಿಯಾಗಿ ಕೊಡುವ ಪಾಪ್‌ಕಾರ್ನಿಗೆ ಎಂಆರ್‌ಪಿಯೇ ಇಲ್ಲ. ಅಲ್ಲಿ ವಾದಕ್ಕೆ ಆಧಾರ ಏನೂ ಸಿಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗೆ ಕಟ್ಟಲು ಹೊರಟದ್ದೂ ಟಿಕೆಟ್ಟನ್ನೇ, ಅದಕ್ಕೂ ಹೈಕೋರ್ಟಿನ ಮಧ್ಯಂತರ ತಡೆ ಬಂತು. ತಿಂಡಿಯ ಬೆಲೆಗೆ ಅದು ಕೈಹಾಕಿರಲಿಲ್ಲ. ಟಿಕೆಟ್ಟಿಗೆ ಮಿತಿ ಬಿದ್ದಷ್ಟೂ ಭಾರ ಪಾಪ್‌ಕಾರ್ನಿನ ಮೇಲೆ ಬೀಳುತ್ತದೆ ಎಂಬುದನ್ನು ಊಹಿಸಲು ಲೆಕ್ಕಪರಿಶೋಧಕರು ಬೇಕಿಲ್ಲ.

ಕತ್ತಲಲ್ಲಿ ನಡೆದದ್ದು

ಟಿಕೆಟ್ಟಿನಲ್ಲಿ 6.45 ಎಂದಿತ್ತು. ಜಾಹೀರಾತು, ಟ್ರೈಲರ್, ತಂಬಾಕಿನ ಎಚ್ಚರಿಕೆ, ರಾಷ್ಟ್ರಗೀತೆ ಮುಗಿದು ಚಿತ್ರ ಶುರುವಾದಾಗ 7.10. ಅಜ್ಜಿ ಸಂಜೆಯ ಇನ್ಸುಲಿನ್ ಅನ್ನು ಮನೆಯಲ್ಲೇ ಚುಚ್ಚಿಕೊಂಡಿದ್ದರು. ಒಳಗೆ ಕೂತು ಪಫ್ಸ್ ತಿಂದರಾಯಿತು ಎಂಬ ಅಂದಾಜು. ಆದರೆ ಕದ್ದು ತಂದದ್ದಕ್ಕೆ ಒಂದು ಕಷ್ಟವಿದೆ: ಬೇಕಾದಾಗ ತೆರೆಯುವ ಹಾಗಿಲ್ಲ. ದೀಪ ಪೂರ್ತಿ ಆರಬೇಕು, ಟಾರ್ಚಿನ ಹುಡುಗ ದೂರ ಹೋಗಬೇಕು, ಪರದೆಯ ಮೇಲೆ ಗಲಾಟೆಯ ದೃಶ್ಯ ಬರಬೇಕು. ಬೇಕರಿ ಕಾಗದದ ಪರಪರ ಸದ್ದು ಮೂರು ಸಾಲಿಗೆ ಕೇಳುತ್ತದೆ.

ಏಳೂವರೆ ಹೊತ್ತಿಗೆ ಅವರಿಗೆ ಬೆವರು, ಕೈ ನಡುಕ. ಸಕ್ಕರೆ ಇಳಿದಾಗಿನ ಲಕ್ಷಣ. ಸೊಸೆ ಗಾಬರಿಯಲ್ಲಿ ಡೈಪರ್ ಕೆಳಗಿನ ಡಬ್ಬಿ ತೆಗೆದು ಎರಡು ಚಕ್ಕುಲಿ ಕೊಟ್ಟಳು. ಹತ್ತು ನಿಮಿಷವಾದರೂ ನಡುಕ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ: ಅಕ್ಕಿಹಿಟ್ಟಿನದು ಪಿಷ್ಟ, ಅದರ ಮೇಲೆ ಬೆಣ್ಣೆ, ಎಣ್ಣೆ. ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪಫ್ಸ್ ಕಥೆಯೂ ಅದೇ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದಾಗ ಬೇಕಾದದ್ದು ಬೇಗ ಕರಗುವ ಸಕ್ಕರೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಗ್ಲೂಕೋಸ್ ಪುಡಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಇನ್ನೂ ಏರದಿದ್ದರೆ ಮತ್ತೆ ಅಷ್ಟೇ. ಏರಿದ ಮೇಲೆ ಬಿಸ್ಕತ್ತೋ ಊಟವೋ. ಆ ಪುಡಿ ಕೌಂಟರಿನಲ್ಲಿ ಟೋಕನ್ ಕಟ್ಟಿಸಿಕೊಂಡು ಕೂತಿತ್ತು. ಮಗ ಓಡಿಹೋಗಿ ಕ್ಯಾಂಟೀನಿನಿಂದ ಮಾಮೂಲಿ ಕೋಲಾ ತಂದ. ಮಾಮೂಲಿ ಎಂಬುದು ಮುಖ್ಯ, ಸಕ್ಕರೆ ಇಲ್ಲದ ಬಗೆಯದು ಈ ಹೊತ್ತಿಗೆ ನೀರಿಗೆ ಸಮ. 150 ಮಿಲಿಲೀಟರಿನಲ್ಲಿ ಹೆಚ್ಚುಕಡಿಮೆ 16 ಗ್ರಾಂ ಸಕ್ಕರೆ. ಕಾಲು ಗಂಟೆಯಲ್ಲಿ ಅಜ್ಜಿ ಸುಧಾರಿಸಿಕೊಂಡರು. ದುಬಾರಿ ಎಂದು ಬೈದುಕೊಂಡು ಬಂದ ಕೌಂಟರೇ ಆ ಹೊತ್ತಿಗೆ ಕೈಹಿಡಿಯಿತು ಎಂಬುದನ್ನೂ ದಾಖಲಿಸಬೇಕು.

ಇಂಟರ್ವಲ್ಲಿನಲ್ಲಿ ದೀಪ ಬಂದಾಗ ಸೀಟಿನ ಮಡಿಕೆಯಲ್ಲಿ, ಕಪ್ ಇಡುವ ತೂತಿನಲ್ಲಿ ಚಕ್ಕುಲಿ ಪುಡಿ. ಹೌಸ್‌ಕೀಪಿಂಗ್ ಹುಡುಗ ಕಂಡ, ಡ್ಯೂಟಿ ಮ್ಯಾನೇಜರ್ ಬಂದರು. ಮನೆಯವರಿಗೆ ಏನೂ ಆಗಲಿಲ್ಲ. ಡಬ್ಬಿ ಮುಚ್ಚಿಡಿ ಸರ್ ಎಂದಷ್ಟೇ. ಆದರೆ ಮ್ಯಾನೇಜರ್ ಹೊರಗೆ ಹೋಗಿ ಕೇಳಿದ ಪ್ರಶ್ನೆ ಗೊತ್ತಿದ್ದದ್ದೇ: "ಈ ಸಾಲಿನವರ ಚೀಲ ನೋಡಿದ್ದು ಯಾರು?"

ಸ್ವಚ್ಛತೆಯ ವಾದವನ್ನು ನಾವು ಪೂರ್ತಿ ನಂಬುವುದಿಲ್ಲ. ಥಿಯೇಟರ್ ತಾನೇ ಮಾರುವ ನಾಚೋಸ್ ಚೀಸಿಗಿಂತ, ಚೆಲ್ಲಿದ ಕೋಲಾಕ್ಕಿಂತ ಅಂಟು ಯಾವ ಜಿಲೇಬಿಗೂ ಇಲ್ಲ. ಎರಡು ಆಟಗಳ ನಡುವಿನ ಹದಿನೈದಿಪ್ಪತ್ತು ನಿಮಿಷದಲ್ಲಿ ಗುಡಿಸುವವರಿಗೆ ಕಸ ಕಸವೇ. ನಿಜವಾದ ತಕರಾರು ವಾಸನೆಯದು. ಎಸಿ ಗಾಳಿ ಅದನ್ನೇ ಸುತ್ತಿಸುತ್ತದೆ. ಬೇಯಿಸಿದ ಮೊಟ್ಟೆ, ಒಣಮೀನು, ಹಲಸಿನ ತೊಳೆ ಯಾವುದಾದರೂ ಒಂದು ಡಬ್ಬಿ ತೆರೆದರೆ ಇನ್ನೂರು ಜನ ಮೂರು ಗಂಟೆ ಅದರೊಳಗೇ ಕೂರಬೇಕು. ಗಾಜಿನ ಬಾಟಲಿ ಒಡೆದರೆ ಕತ್ತಲಲ್ಲಿ ಪಾದ. ಕಡಲೆಕಾಯಿ ಪುಡಿ ಕೆಲವರಿಗೆ ಅಲರ್ಜಿ. ಇವು ಬೆಲೆಗೆ ಸಂಬಂಧವಿಲ್ಲದ ಕಾರಣಗಳು, ಪಕ್ಕದ ಸೀಟಿನವರ ಕಡೆಯಿಂದ ಬರುವವು. ಚಕ್ಕುಲಿಯ ಮೇಲೆ ಹೊರಿಸಬಹುದಾದದ್ದು ಬಾಯಲ್ಲಿ ಮುರಿಯುವ ಸದ್ದು ಮಾತ್ರ.

ಹಾಗಾದರೆ ತಪ್ಪು ಎಲ್ಲಿ

ಟಿಕೆಟ್ ಕೊಳ್ಳುವಾಗ ಷರತ್ತಿಗೆ ಒಪ್ಪಿದ್ದೇವೆ ಎಂಬುದು ಒಂದು. ಮೊಬೈಲಿನಲ್ಲಿ ಓದದೆ ಒತ್ತಿದ ಒಪ್ಪಿಗೆಗೆ ನೈತಿಕ ತೂಕ ಎಷ್ಟು ಎಂದು ಜಗ್ಗಾಡಬಹುದು. ಆದರೆ ಹೊರಗಿನ ತಿಂಡಿ ಬಿಡುವುದಿಲ್ಲ ಎಂದು ಈ ಕುಟುಂಬಕ್ಕೆ ಗೊತ್ತಿತ್ತು; ಡೈಪರ್ ಕೆಳಗಿಟ್ಟದ್ದೇ ಸಾಕ್ಷಿ. ಅಲ್ಲಿಗೆ ಆ ವಾದ ಮುಗಿಯಿತು.

ನಮಗೆ ಭಾರವಾಗಿ ಕಾಣುವುದು ಆ ಒಂದು ವಾಕ್ಯ: "ಪಾಪೂದು ಔಷಧಿ ಡಬ್ಬಿ." ಸುಳ್ಳು ಹೇಳಿದ್ದು ಬೆಲೆ ನಿಗದಿ ಮಾಡಿದ ಕಂಪನಿಗಲ್ಲ, ತಿಂಗಳ ಸಂಬಳಕ್ಕೆ ನಿಂತ ಹುಡುಗಿಗೆ. ಸಿಕ್ಕಿಬಿದ್ದರೆ ಬೈಸಿಕೊಳ್ಳುವವಳೂ ಅವಳೇ. ಅದಕ್ಕಿಂತ ಕೆಟ್ಟದ್ದು, ಮಗುವಿನ ಹೆಸರು ಬಳಸಿದ್ದು. ಹೀಗೆ ನಾಲ್ಕು ಸಲ ಮೋಸಹೋದ ಸೆಕ್ಯುರಿಟಿ ಐದನೆಯವರ ನಿಜವಾದ ಮಗುವಿನ ಊಟವನ್ನೂ ನಂಬುವುದಿಲ್ಲ. ಆ ದಿನ ರಾಗಿ ಸರಿ ಹೊರಗುಳಿಯಲು ಹಿಂದಿನ ವಾರದ ಯಾರದೋ "ಮಗೂದು" ಎಂಬ ಸುಳ್ಳೂ ಪಾಲುದಾರ ಇದ್ದೀತು.

ಥಿಯೇಟರಿನ ತಪ್ಪು ಇದಕ್ಕಿಂತ ಸಣ್ಣದಲ್ಲ. ಮಗುವಿನ ಆಹಾರ ತಡೆದದ್ದು ಸುಪ್ರೀಂ ಕೋರ್ಟ್ ದಾಖಲಿಸಿಕೊಂಡ ಮಾತಿಗೇ ವಿರುದ್ಧ. ಪುಕ್ಕಟೆ ನೀರು ಇತ್ತು, ಶೌಚಾಲಯದ ಓಣಿಯ ಕೊನೆಯಲ್ಲಿ, ಲೋಟವಿಲ್ಲದೆ. ಇದ್ದೂ ಇಲ್ಲದಂತಿದ್ದರೆ ಆ ಮಾತು ಪಾಲಿಸಿದಂತೆ ಹೇಗಾದೀತು? ಅಜ್ಜಿಯ ಗ್ಲೂಕೋಸ್ ವಿಷಯ ಸ್ವಲ್ಪ ಬೇರೆ. 2023ರ ಆದೇಶದ ವಿನಾಯಿತಿ ಮಕ್ಕಳ ಆಹಾರಕ್ಕೆ. ಮಧುಮೇಹಿಗಳ ಪ್ರಸ್ತಾಪ ಅದರಲ್ಲಿಲ್ಲ. ಆದರೆ ಗ್ಲೂಕೋಸ್ ಪುಡಿ ಈ ಸಂದರ್ಭದಲ್ಲಿ ತಿಂಡಿಯಲ್ಲ, ಔಷಧಿ. ಔಷಧಿ ಎನ್ನಬೇಕಾದ ಡಬ್ಬಿಯನ್ನು ಸುಮ್ಮನೆ ಕೊಟ್ಟು, ಚಕ್ಕುಲಿಯನ್ನು ಔಷಧಿ ಎಂದರು.

ಮುಂದಿನ ಸಲ

ಆಟದ ವೇಳೆಗೆ ಅರ್ಧ ಗಂಟೆ ಮುಂಚೆ ಹೋಗುವುದು. ಸಾಲು ಉದ್ದವಾದ ಮೇಲೆ ಯಾವ ಮಾತೂ ನಡೆಯುವುದಿಲ್ಲ. ಮಗುವಿನ ಊಟ ಒಂದು ಹೊತ್ತಿನಷ್ಟು, ಬೇರೆಯದೇ ಪುಟ್ಟ ಚೀಲದಲ್ಲಿ, ಮೇಲೆಯೇ. ತೆರೆಸುವ ಮುನ್ನವೇ ತೆರೆದು ತೋರಿಸುವುದು. ಗ್ಲೂಕೋಸ್ ಪುಡಿಯ ಜೊತೆ ಇನ್ಸುಲಿನ್ ಪೆನ್ನು, ವೈದ್ಯರ ಚೀಟಿ ಅಥವಾ ಅದರ ಮೊಬೈಲ್ ಫೋಟೊ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟವನ್ನು ಸಿನಿಮಾದ ಸಮಯಕ್ಕೆ ಒಪ್ಪಿಸುವ ಹಾಗಿಲ್ಲ. ಊಟ ಮಾಡಿಯೇ ಹೊರಡಬೇಕು, ಇಲ್ಲವೇ ಡೋಸಿನ ವೇಳೆ ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಸೆಕ್ಯುರಿಟಿ ಬೇಡವೆಂದರೆ ಅವಳೊಡನೆ ಜಗಳವಾಡದೆ, "ಅಮ್ಮಾ, ನಿಮ್ಮ ಡ್ಯೂಟಿ ಮ್ಯಾನೇಜರನ್ನ ಕರೀರಿ, ಸುಪ್ರೀಂ ಕೋರ್ಟ್ ಆದೇಶದಲ್ಲಿ ಮಗುವಿನ ಊಟಕ್ಕೆ ಥಿಯೇಟರಿನವರು ಅಡ್ಡಿ ಮಾಡಲ್ಲ ಅಂತಿದೆ" ಎನ್ನುವುದು. ತೀರ್ಮಾನ ಮಾಡುವ ಅಧಿಕಾರ ಇರುವವರು ಅವರೇ.

ಆಗಲೂ ತಡೆದರೆ ಟಿಕೆಟ್, ಟೋಕನ್, ಬಾಗಿಲಿನ ಫಲಕದ ಫೋಟೊ, ಮ್ಯಾನೇಜರ್ ಹೇಳಿದ್ದನ್ನು ಬರೆದು ಅವರಿಗೇ ಕಳಿಸಿದ ಇಮೇಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ; ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಘಟನೆಯಿಂದ ಎರಡು ವರ್ಷದೊಳಗೆ ಹಾಕಬೇಕು. ತಿಂಡಿ ತಡೆಯಬಹುದು, ಒಳಗೆ ಬಿಡದಿರಬಹುದು. ಕಿತ್ತುಕೊಂಡು ಕಸದ ಡಬ್ಬಿಗೆ ಹಾಕುವ ಹಕ್ಕು ಮಾತ್ರ ಥಿಯೇಟರಿಗಿಲ್ಲ. ಟೋಕನ್ ಕೇಳಿ ಪಡೆಯಿರಿ, ಕೌಂಟರ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದೂ ಕೇಳಿ. ಕೊನೆಯ ಆಟ ಬಿಟ್ಟಾಗ ಅಲ್ಲಿ ಯಾರೂ ಇಲ್ಲದಿರುವುದು ಹೊಸದೇನಲ್ಲ.

ಚಕ್ಕುಲಿ ಡಬ್ಬಿ ಕಾರಿನಲ್ಲಿ ಇರಲಿ. ರಾತ್ರಿ ಹತ್ತಕ್ಕೆ ಈ ಮನೆಯವರು ಟೋಕನ್ ಕೊಟ್ಟು ಫ್ಲಾಸ್ಕು ವಾಪಸ್ ಪಡೆದಾಗ ರಾಗಿ ಸರಿ ಹೆಪ್ಪುಗಟ್ಟಿ ಚಮಚ ನೆಟ್ಟಗೆ ನಿಲ್ಲುವಷ್ಟಾಗಿತ್ತು. ಅಷ್ಟು ಹೊತ್ತು ಇಟ್ಟದ್ದನ್ನು ಕೂಸಿಗೆ ಕೊಡುವ ಹಾಗಿರಲಿಲ್ಲ. ಸೊಸೆ ಅದನ್ನು ಪಾರ್ಕಿಂಗಿನ ಮೂಲೆಯಲ್ಲಿ ಚೆಲ್ಲಿದಳು. ಕೂಸು ಅತ್ತು ಅತ್ತು ನಿದ್ದೆ ಹೋಗಿತ್ತು. ಮೊಮ್ಮಗಳು ಹಿಂದಿನ ಸೀಟಿನಲ್ಲಿ ಕೂತು ಕೇಳಿದಳು: "ಅಜ್ಜಿ, ಚಕ್ಕುಲಿ ಔಷಧಿನಾ?"